ಪ್ರೊಜೆಕ್ಟರ್‌ವರೆಗೆ ಉದ್ದದ ಫೈಬರ್ ಎಚ್‌ಡಿಎಂಐ ಕೇಬಲ್: ಅಳತೆಯಿಂದ ಹಿಡಿದು ಪೈಪಿನೊಳಗೆ ಎಳೆಯುವವರೆಗೆ

ಮೈಸೂರಿನಲ್ಲಿ ನಮ್ಮ ಭಾವ ಮನೆ ಕಟ್ಟಿಸಿದಾಗ ಮೊದಲ ಮಹಡಿಯ ಒಂದು ರೂಮನ್ನು ಸಿನಿಮಾಕ್ಕೆ ಅಂತಲೇ ಬಿಟ್ಟರು. ಉದ್ದ 20 ಅಡಿ, ಅಗಲ 12 ಅಡಿ. ಮುಂದಿನ ಗೋಡೆಗೆ ಪರದೆ, ಅದರ ಕೆಳಗೆ ಎವಿ ರಿಸೀವರ್ (ಚಿತ್ರವನ್ನು ಪ್ರೊಜೆಕ್ಟರ್‌ಗೆ, ಧ್ವನಿಯನ್ನು ಸ್ಪೀಕರ್‌ಗಳಿಗೆ ಕಳಿಸುವ ಪೆಟ್ಟಿಗೆ), ಹಿಂದುಗಡೆ ಸೀಲಿಂಗ್‌ಗೆ ಪ್ರೊಜೆಕ್ಟರ್. ಹಳೇ ಮನೆಯಲ್ಲಿದ್ದ 15 ಮೀಟರ್ ಉದ್ದದ ದಪ್ಪನೆಯ ತಾಮ್ರದ ಎಚ್‌ಡಿಎಂಐ ಕೇಬಲ್ಲನ್ನೇ ತಂದು ಹಾಕಿದರು. 4ಕೆ ಸಿನಿಮಾ ಚೆನ್ನಾಗೇ ಬಂತು. ಕ್ರಿಕೆಟ್ ಹಾಕಿದ ತಕ್ಷಣ ಪರದೆ ಮೇಲೆ ಬಿಳಿ ಚುಕ್ಕೆಗಳು ಮಿಣಮಿಣ ಅನ್ನತೊಡಗಿದವು. ಆಮೇಲೆ ಎರಡು ಸೆಕೆಂಡ್ ಪೂರ್ತಿ ಕಪ್ಪು. ಮತ್ತೆ ಚಿತ್ರ. ಮತ್ತೆ ಕಪ್ಪು.

ಪ್ರೊಜೆಕ್ಟರ್ ಕೆಟ್ಟಿದೆ ಅಂತ ಎಲ್ಲರೂ ಅಂದುಕೊಂಡರು. ಕೆಟ್ಟಿರಲಿಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಆಟ 50 ಇಲ್ಲವೇ 60 ಫ್ರೇಮ್. 24 ಫ್ರೇಮಿನ 4ಕೆ ಚಿತ್ರಕ್ಕೆ ಸುಮಾರು 9 ಜಿಬಿಪಿಎಸ್ (ಸೆಕೆಂಡಿಗೆ ಇಷ್ಟು ಗಿಗಾಬಿಟ್) ವೇಗ ಸಾಕು. 60 ಫ್ರೇಮಿಗೆ ಹೋದರೆ ಅದು ಸುಮಾರು 18 ಆಗುತ್ತದೆ. ಆ ಕೇಬಲ್ ಮೊದಲನೆಯದನ್ನು ಹೊರುತ್ತಿತ್ತು, ಎರಡನೆಯದಕ್ಕೆ ಸೋಲುತ್ತಿತ್ತು. ಅಷ್ಟೇ ವಿಷಯ.

ಆ ರೂಮಿಗೆ ಫೈಬರ್ ಕೇಬಲ್ (ಗಾಜಿನ ಎಳೆಯಲ್ಲಿ ಬೆಳಕಾಗಿ ಸಿಗ್ನಲ್ ಒಯ್ಯುವಂಥದ್ದು) ಹಾಕಿದ ಮೇಲೆ ಇನ್ನೂ ಕೆಲವು ಮನೆಗಳಲ್ಲಿ ಇದೇ ಕೆಲಸಕ್ಕೆ ಕೈ ಹಾಕಿದ್ದೇನೆ. ಕಲಿತದ್ದರಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಫೈಬರ್ ಎಚ್‌ಡಿಎಂಐ ಬರೀ ವೈರ್ ಅಲ್ಲ. ಎರಡೂ ತುದಿಯಲ್ಲಿ ಚಿಪ್ ಇರುವ ಒಂದು ಉಪಕರಣ ಅದು. ಉಪಕರಣ ಅಂದ ಮೇಲೆ ಒಂದಲ್ಲ ಒಂದು ದಿನ ಕೆಡಬಹುದು. ಹಾಗಾಗಿ ಕೇಬಲ್ ಆರಿಸುವಾಗ ಅದನ್ನು ಮುಂದೆ ಹೊರಗೆ ಎಳೆದು ಬದಲಾಯಿಸುವುದು ಹೇಗೆ ಅನ್ನುವುದನ್ನೂ ಈಗಲೇ ಯೋಚಿಸಬೇಕು.

ನಿಮಗೆ ಫೈಬರ್ ಬೇಕೇ ಬೇಕಾ?

5 ಮೀಟರ್ ಒಳಗೆ ಮುಗಿಯುವುದಾದರೆ ಬೇಡ. ಒಳ್ಳೆಯ ತಾಮ್ರದ ಕೇಬಲ್ಲೇ ಸಾಕು, ಬಾಳಿಕೆಯೂ ಜಾಸ್ತಿ. 18 ಜಿಬಿಪಿಎಸ್‌ಗೆ ಸಾಧಾರಣ ತಾಮ್ರ 5ರಿಂದ 7 ಮೀಟರ್‌ವರೆಗೆ ನಂಬಿಕೆಯಿಂದ ಕೆಲಸ ಮಾಡುತ್ತದೆ. 48 ಜಿಬಿಪಿಎಸ್ ಬೇಕು ಅಂದರೆ 3 ಮೀಟರ್ ದಾಟಿದ ಮೇಲೆಯೇ ಎಚ್ಚರವಾಗಿರಬೇಕು. ಚಿಪ್ ಇರುವ ತಾಮ್ರದ ಕೇಬಲ್‌ಗಳು ಇನ್ನಷ್ಟು ದೂರ ಹೋಗುತ್ತವೆ. ಆದರೆ ಅವು ದಪ್ಪ, ಬಗ್ಗುವುದೂ ಕಷ್ಟ.

10 ಮೀಟರ್ ದಾಟಿದರೆ ನಾನು ಯೋಚನೆ ಮಾಡದೆ ಫೈಬರ್ ಅನ್ನುತ್ತೇನೆ. ನಡುವಿನ ಅಳತೆಗೆ ನಿಮ್ಮ ಪೈಪು, ನಿಮ್ಮ ಬಜೆಟ್ ನೋಡಿ ತೀರ್ಮಾನಿಸಿ. ನೆಟ್‌ವರ್ಕ್ ಕೇಬಲ್ ಮೂಲಕ ಚಿತ್ರ ಕಳಿಸುವ ಎಚ್‌ಡಿಬೇಸ್‌ಟಿ ಅನ್ನುವ ದಾರಿಯೂ ಇದೆ. ಸಭಾಂಗಣ, ಕಾಲೇಜುಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಮನೆಯ ಒಂದು ರೂಮಿಗೆ ಎರಡು ಪೆಟ್ಟಿಗೆ, ಅವಕ್ಕೆ ಅಡಾಪ್ಟರ್ ಅಂತ ಸುಮ್ನೆ ತಾಪತ್ರಯ.

ಅಂಗಡಿಯಲ್ಲಿ "ಫೈಬರ್ ಹಾಕಿದ್ರೆ ಪಿಕ್ಚರ್ ಕ್ವಾಲಿಟಿ ಜಾಸ್ತಿ ಆಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದು ಡಿಜಿಟಲ್ ಸಿಗ್ನಲ್. ಸರಿಯಾಗಿ ತಲುಪಿದರೆ ತಾಮ್ರದಲ್ಲೂ ಅದೇ ಚಿತ್ರ, ಫೈಬರ್‌ನಲ್ಲೂ ಅದೇ ಚಿತ್ರ. ತಡವಾಗುತ್ತದೆ ಅನ್ನುವ ಭಯವೂ ಬೇಡ. 15 ಮೀಟರ್ ದಾಟಲು ಬೆಳಕಿಗೆ ಸುಮಾರು 75 ನ್ಯಾನೋಸೆಕೆಂಡ್ ಸಾಕು. ಗೇಮ್ ಆಡುವವರಿಗೂ ಅದು ಗೊತ್ತಾಗುವುದಿಲ್ಲ.

ಒಳಗೆ ಏನಿದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ

ಎಚ್‌ಡಿಎಂಐ ತುದಿಯಲ್ಲಿ 19 ಪಿನ್ ಇರುತ್ತವೆ. ಇದರಲ್ಲಿ ಚಿತ್ರ ಮತ್ತು ಧ್ವನಿಯ ಭಾರೀ ವೇಗದ ದಾರಿಗಳು ನಾಲ್ಕು. ಫೈಬರ್ ಕೇಬಲ್‌ನಲ್ಲಿ ಈ ನಾಲ್ಕಕ್ಕೆ ಕೂದಲೆಳೆಯಂಥ ನಾಲ್ಕು ಗಾಜಿನ ಎಳೆಗಳು ಇರುತ್ತವೆ. ರಿಸೀವರ್ ಕಡೆಯ ತಲೆಯಲ್ಲಿ ಪುಟ್ಟ ಲೇಸರ್‌ಗಳು ವಿದ್ಯುತ್ತನ್ನು ಬೆಳಕು ಮಾಡುತ್ತವೆ. ಪ್ರೊಜೆಕ್ಟರ್ ಕಡೆಯ ತಲೆ ಆ ಬೆಳಕನ್ನು ಮತ್ತೆ ವಿದ್ಯುತ್ ಮಾಡುತ್ತದೆ.

ಉಳಿದ ಕೆಲಸಗಳಿಗೆ ಬಹುತೇಕ ಕೇಬಲ್‌ಗಳಲ್ಲಿ ಸಣ್ಣ ತಾಮ್ರದ ಎಳೆಗಳೇ ಇರುತ್ತವೆ. "ನಾನು 4ಕೆ ಪ್ರೊಜೆಕ್ಟರ್" ಅಂತ ಹೇಳಿಕೊಳ್ಳುವ ಮಾತುಕತೆ, ಕಾಪಿ ತಡೆಯುವ ಎಚ್‌ಡಿಸಿಪಿ, ಒಂದೇ ರಿಮೋಟಿನಲ್ಲಿ ಎಲ್ಲ ಆನ್ ಆಗುವ ವ್ಯವಸ್ಥೆ, 5 ವೋಲ್ಟ್ ವಿದ್ಯುತ್, ಎಲ್ಲವೂ ಇದರಲ್ಲೇ ಓಡಾಡುತ್ತವೆ.

ಇದರಿಂದ ಮೂರು ವಿಷಯ ನೆನಪಿಡಬೇಕು. ಒಂದು, ಕೇಬಲ್‌ಗೆ ದಿಕ್ಕು ಇದೆ. ಒಂದು ತುದಿ ಮೇಲೆ "ಸೋರ್ಸ್" (ಅಂದರೆ ಚಿತ್ರ ಕಳಿಸುವ ಕಡೆ), ಇನ್ನೊಂದರ ಮೇಲೆ "ಡಿಸ್‌ಪ್ಲೇ" ಅಂತ ಬರೆದಿರುತ್ತದೆ. ಉಲ್ಟಾ ಹಾಕಿದರೆ ಚಿತ್ರ ಬರುವುದೇ ಇಲ್ಲ. ಎರಡು, ತಲೆಯೊಳಗಿನ ಚಿಪ್‌ಗೆ ವಿದ್ಯುತ್ ಬೇಕು. ಮೂರು, ಒಳಗೆ ತಾಮ್ರ ಇರುವುದರಿಂದ ಸಿಡಿಲಿನ ಹೊಡೆತದಿಂದ ಇದು ಪೂರ್ತಿ ರಕ್ಷಣೆ ಕೊಡುವುದಿಲ್ಲ. ಮಲೆನಾಡಿನ ಕಡೆ ಮನೆ ಇರುವವರು ಇದನ್ನು ಗಮನಿಸಿ. ಗುಡುಗು ಶುರುವಾದರೆ ಪ್ಲಗ್ ಕೀಳುವ ಅಭ್ಯಾಸ ಬಿಡಬೇಡಿ.

ಹಂತ 1: ದಾರ ಹಿಡಿದು ಅಳೆಯಿರಿ

ಟೇಪ್ ಹಿಡಿದು ಪರದೆಯಿಂದ ಪ್ರೊಜೆಕ್ಟರ್‌ಗೆ ನೇರ ಅಳತೆ ತೆಗೆದರೆ ತಪ್ಪಾಗುತ್ತದೆ. ಕೇಬಲ್ ಗಾಳಿಯಲ್ಲಿ ಹೋಗುವುದಿಲ್ಲ ಅಲ್ವಾ? ಒಂದು ಉಂಡೆ ದಾರ ತೆಗೆದುಕೊಳ್ಳಿ. ರಿಸೀವರ್ ಹಿಂಭಾಗದಿಂದ ಶುರು ಮಾಡಿ, ಕೇಬಲ್ ಹೋಗಬೇಕಾದ ದಾರಿಯಲ್ಲೇ ದಾರ ಹಿಡಿದು ನಡೆಯಿರಿ. ಮೂಲೆಗಳಲ್ಲಿ ಪೇಪರ್ ಟೇಪ್ ಅಂಟಿಸಿ. ಕೊನೆಗೆ ದಾರವನ್ನು ನೆಲದ ಮೇಲೆ ಹಾಸಿ ಅಳೆಯಿರಿ.

ಭಾವನ ರೂಮಿನ ಲೆಕ್ಕ ಹೀಗಿತ್ತು. ರ‍್ಯಾಕ್ ಹಿಂದೆ 0.6 ಮೀಟರ್, ಪಕ್ಕದ ಗೋಡೆಗೆ 1.8, ಗೋಡೆ ಮೇಲಕ್ಕೆ 2.4, ಸೀಲಿಂಗ್ ಉದ್ದಕ್ಕೆ 5.2, ಮತ್ತೆ ನಡುವಿಗೆ 1.8, ಪ್ರೊಜೆಕ್ಟರ್‌ಗೆ ಇಳಿಯಲು 0.4. ಒಟ್ಟು 12.2 ಮೀಟರ್. ಎರಡೂ ಕಡೆ ಮುಕ್ಕಾಲು ಮೀಟರ್ ಸಡಿಲ ಬಿಟ್ಟರೆ 13.7. ಹಾಗಾಗಿ 15 ಮೀಟರಿನ ಕೇಬಲ್. ದಾರ ಹಿಡಿಯುವ ಮುಂಚೆ ಅವರು "8 ಮೀಟರ್ ಸಾಕು" ಅಂತ ಆರ್ಡರ್ ಮಾಡಲು ಹೊರಟಿದ್ದರು.

ಸಡಿಲ ಯಾಕೆ ಬೇಕು ಅಂದರೆ, ನಾಳೆ ರಿಸೀವರ್ ಮುಂದೆ ಎಳೆದು ಹಿಂದಿನ ಸಾಕೆಟ್ ನೋಡಬೇಕಾಗುತ್ತದೆ. ಬಿಗಿಯಾಗಿ ಎಳೆದ ಕೇಬಲ್ ಆದರೆ ತಲೆಯ ಮೇಲೆ ಭಾರ ಬೀಳುತ್ತದೆ. ಹಾಗಂತ ಸುಮ್ನೆ 30 ಮೀಟರ್ ತಂದು ಸುತ್ತಿಡಬೇಡಿ. ಫೈಬರ್ ಎಚ್‌ಡಿಎಂಐ ಅನ್ನು ಮನೆಯಲ್ಲಿ ಕತ್ತರಿಸಿ ಮತ್ತೆ ತಲೆ ಹಾಕಲು ಆಗುವುದಿಲ್ಲ.

ಹಂತ 2: ವೇಗ ಎಷ್ಟು ಬೇಕು ಅಂತ ತೀರ್ಮಾನಿಸಿ

ನಿಮ್ಮ ಪ್ರೊಜೆಕ್ಟರ್‌ನ ಕೈಪಿಡಿ ತೆಗೆಯಿರಿ. 4ಕೆ 60ವರೆಗೆ ಮಾತ್ರ ಅಂತ ಇದ್ದರೆ 18 ಜಿಬಿಪಿಎಸ್ ಸಾಕು. ಇದು 2013ರಲ್ಲಿ ಬಂದ ಎಚ್‌ಡಿಎಂಐ 2.0ರ ಮಿತಿ. ಈಗಿರುವ ಹೋಮ್ ಥಿಯೇಟರ್ ಪ್ರೊಜೆಕ್ಟರ್‌ಗಳಲ್ಲಿ ಎಷ್ಟೋ ಇದರಲ್ಲೇ ಬರುತ್ತವೆ. 4ಕೆ 120 ಅಥವಾ 8ಕೆ ತೆಗೆದುಕೊಳ್ಳುವ ಪ್ರೊಜೆಕ್ಟರ್, ಟಿವಿ ಆದರೆ 2017ರ ಎಚ್‌ಡಿಎಂಐ 2.1ರ 48 ಜಿಬಿಪಿಎಸ್ ಕೇಬಲ್ ಬೇಕು. ಪ್ಲೇಸ್ಟೇಷನ್ 5 ಗರಿಷ್ಠ 32, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಗರಿಷ್ಠ 40 ಜಿಬಿಪಿಎಸ್ ಕಳಿಸುತ್ತವೆ. ಎರಡೂ 18ರ ಕೇಬಲ್‌ನಲ್ಲಿ 4ಕೆ 120 ಕೊಡಲಾರವು.

ಗೋಡೆಯೊಳಗೆ ಹೋಗುವ ಕೇಬಲ್ ಆದರೆ ಈಗ 18 ಸಾಕಾದರೂ ನಾನು 48ರದ್ದನ್ನೇ ಹಾಕಿಸುತ್ತೇನೆ. ಪ್ರೊಜೆಕ್ಟರ್ ನಾಲ್ಕೈದು ವರ್ಷಕ್ಕೆ ಬದಲಾಗಬಹುದು. ಕೇಬಲ್ ಎಳೆಯುವ ಕೂಲಿ, ಶ್ರಮ ಮಾತ್ರ ಪ್ರತಿ ಸಲವೂ ಅಷ್ಟೇ. 2025ರಲ್ಲಿ 96 ಜಿಬಿಪಿಎಸ್‌ನ ಎಚ್‌ಡಿಎಂಐ 2.2 ಪ್ರಕಟವಾಗಿದೆ. ಅದಕ್ಕಾಗಿ ಕಾಯುತ್ತಾ ಕೂರಬೇಕಿಲ್ಲ.

ಹಂತ 3: ಪೆಟ್ಟಿಗೆ ಮೇಲಿನ ಅಂಕಿಯನ್ನಲ್ಲ, ಲೇಬಲ್ ನೋಡಿ

"ಎಚ್‌ಡಿಎಂಐ 2.1 ಕೇಬಲ್" ಅಂತ ಯಾರು ಬೇಕಾದರೂ ಪೆಟ್ಟಿಗೆ ಮೇಲೆ ಅಚ್ಚು ಹಾಕಬಹುದು. ನಿಜ ಹೇಳಬೇಕಂದ್ರೆ ಕೇಬಲ್‌ಗೆ ಆವೃತ್ತಿ ಸಂಖ್ಯೆ ಅನ್ನುವುದೇ ಇಲ್ಲ. ಕೇಬಲ್‌ಗೆ ಇರುವುದು ದರ್ಜೆ. 18 ಜಿಬಿಪಿಎಸ್‌ಗೆ "ಪ್ರೀಮಿಯಂ ಹೈ ಸ್ಪೀಡ್", 48ಕ್ಕೆ "ಅಲ್ಟ್ರಾ ಹೈ ಸ್ಪೀಡ್". ಅಧಿಕೃತವಾಗಿ ಪರೀಕ್ಷೆಯಾದ ಅಲ್ಟ್ರಾ ಹೈ ಸ್ಪೀಡ್ ಕೇಬಲ್‌ನ ಪೆಟ್ಟಿಗೆಗೆ ಕ್ಯುಆರ್ ಕೋಡ್ ಇರುವ ಲೇಬಲ್ ಅಂಟಿಸಿರುತ್ತಾರೆ. ಎಚ್‌ಡಿಎಂಐ ಸಂಸ್ಥೆಯದೇ ಒಂದು ಸರ್ಟಿಫಿಕೇಷನ್ ಆ್ಯಪ್ ಇದೆ. ಅದರಲ್ಲಿ ಸ್ಕ್ಯಾನ್ ಮಾಡಿದರೆ ಬ್ರ್ಯಾಂಡ್, ಮಾಡೆಲ್, ಉದ್ದ ತೋರಿಸುತ್ತದೆ.

ಉದ್ದವನ್ನು ತಪ್ಪದೇ ಹೋಲಿಸಿ. ಪರೀಕ್ಷೆ ಪ್ರತಿ ಉದ್ದಕ್ಕೂ ಬೇರೆ ಬೇರೆ. ಒಂದೇ ಮಾಡೆಲ್‌ನ 5 ಮೀಟರ್ ಪಾಸಾಗಿದೆ ಅಂದರೆ 20 ಮೀಟರ್ ಕೂಡ ಪಾಸಾಗಿದೆ ಅಂತಲ್ಲ. ಲೇಬಲ್ ಇಲ್ಲದ ಒಳ್ಳೆಯ ಕೇಬಲ್‌ಗಳೂ ಇವೆ. ಅಂಥದ್ದನ್ನು ಕೊಳ್ಳುವುದಾದರೆ ವಾಪಸ್ ಮಾಡುವ ಅವಕಾಶ ಎಷ್ಟು ದಿನ, ವಾರಂಟಿ ಎಷ್ಟು ವರ್ಷ ಅಂತ ಕೇಳಿಕೊಳ್ಳಿ. ವಾರಂಟಿ ನಮ್ಮ ದೇಶದಲ್ಲಿ ನಡೆಯುತ್ತದಾ ಅನ್ನುವುದನ್ನೂ ಕೇಳಿ.

ಹಂತ 4: ಇ-ಆರ್ಕ್ ಮತ್ತು ವಿದ್ಯುತ್

ಪ್ರೊಜೆಕ್ಟರ್‌ಗೆ ಚಿತ್ರ ಮಾತ್ರ ಹೋಗುವುದಾದರೆ ಇ-ಆರ್ಕ್ (ಅದೇ ಕೇಬಲ್‌ನಲ್ಲಿ ಧ್ವನಿಯನ್ನು ಹಿಂದಕ್ಕೆ ಕಳಿಸುವ ವ್ಯವಸ್ಥೆ) ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ದೊಡ್ಡ ಟಿವಿ ದೂರದಲ್ಲಿದ್ದು, ಅದರೊಳಗಿನ ಆ್ಯಪ್‌ಗಳ ಧ್ವನಿ ರಿಸೀವರ್‌ಗೆ ವಾಪಸ್ ಬರಬೇಕು ಅಂದರೆ ಮಾತ್ರ ಇದು ಬೇಕು. ಪ್ರೊಜೆಕ್ಟರ್‌ನಲ್ಲೇ ಆ್ಯಪ್ ಇದ್ದರೂ ಇದು ಬೇಕು. ಕೇಬಲ್‌ನ ವಿವರದಲ್ಲಿ ಇ-ಆರ್ಕ್ ಅಂತ ಸ್ಪಷ್ಟವಾಗಿ ಇರಬೇಕು. ಹಳೆಯ ಫೈಬರ್ ಕೇಬಲ್‌ಗಳಲ್ಲಿ ಕೆಲವಕ್ಕೆ ಇದು ಇಲ್ಲ. ಧ್ವನಿ ಹಿಂದಕ್ಕೆ ಬರುತ್ತದೆ ಅಂತ ಕೇಬಲ್ ತಿರುಗಿಸಿ ಹಾಕುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಸೋರ್ಸ್ ತುದಿ ಯಾವಾಗಲೂ ರಿಸೀವರ್‌ಗೆ, ಡಿಸ್‌ಪ್ಲೇ ತುದಿ ಟಿವಿಗೆ.

ಇನ್ನು ವಿದ್ಯುತ್. ಎಚ್‌ಡಿಎಂಐ ನಿಯಮದಂತೆ ಸೋರ್ಸ್ ಕನಿಷ್ಠ 5 ವೋಲ್ಟ್‌ನಲ್ಲಿ 55 ಮಿಲಿಆಂಪ್ ಕೊಡಬೇಕು. ಇದು ತುಂಬ ಕಡಿಮೆ. ಒಳ್ಳೆಯ ರಿಸೀವರ್‌ಗಳು ಇದಕ್ಕಿಂತ ಜಾಸ್ತಿ ಕೊಡುತ್ತವೆ. ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್‌ಗಳು, ಕೆಲವು ಲ್ಯಾಪ್‌ಟಾಪ್‌ಗಳು ಕೊಡುವುದಿಲ್ಲ. ಆಗ ಒಮ್ಮೆ ಚಿತ್ರ ಬರುತ್ತದೆ, ಒಮ್ಮೆ ಬರುವುದಿಲ್ಲ. ಹಾಗಾಗಿ ಯುಎಸ್‌ಬಿಯಿಂದ ಹೆಚ್ಚುವರಿ ವಿದ್ಯುತ್ ಕೊಡಲು ಅವಕಾಶ ಇರುವ ಕೇಬಲ್ ಸಿಕ್ಕರೆ ಅದನ್ನೇ ಆರಿಸಿ. ಬೇಕಾಗದೇ ಇರಬಹುದು. ಬೇಕಾದ ದಿನ ಅದೊಂದೇ ದಾರಿ.

ಹಂತ 5: ಪೈಪು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಕೇಬಲ್‌ಗಿಂತ ಹೆಚ್ಚು ಕಣ್ಣೀರು ಹಾಕಿಸುವುದು ಪೈಪು.

"ಸಾರ್, ಮುಕ್ಕಾಲು ಇಂಚಿನ ಪೈಪಲ್ಲಿ ಎಲ್ಲಾ ವೈರೂ ಹೋಗುತ್ತೆ" ಅಂದಿದ್ದ ವೈರಿಂಗ್ ಹುಡುಗ. ಅವನು ಹೇಳಿದ್ದು ಕರೆಂಟ್ ವೈರ್‌ಗೆ ಸರಿ. ಫೈಬರ್ ಕೇಬಲ್ ತಾನೇ ತೆಳ್ಳಗೆ, ಪೆನ್ಸಿಲ್‌ಗಿಂತ ಸಣ್ಣ. ಆದರೆ ಅದರ ತಲೆ ಸುಮಾರು 2 ಸೆಂಟಿಮೀಟರ್ ಅಗಲ, ಅದಕ್ಕಿಂತ ಎರಡು ಪಟ್ಟು ಉದ್ದ, ಒಂದಿಷ್ಟೂ ಬಗ್ಗುವುದಿಲ್ಲ. 25 ಎಂ.ಎಂ. ಪೈಪಿನಲ್ಲೂ ಒಳಗಿನ ಜಾಗ ಅದಕ್ಕಿಂತ ಸ್ವಲ್ಪವೇ ಜಾಸ್ತಿ. ನೇರ ಇರುವಲ್ಲಿ ತಲೆ ತೂರುತ್ತದೆ. ಬೆಂಡ್ ಬಂದ ಕೂಡಲೇ ಬೆಣೆ ಹೊಡೆದ ಹಾಗೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಎಳೆದಷ್ಟೂ ಬಿಗಿ.

ಮನೆ ಇನ್ನೂ ಕಟ್ಟುತ್ತಿದ್ದರೆ ಕನಿಷ್ಠ 40 ಎಂ.ಎಂ. ಪೈಪ್ ಹಾಕಿಸಿ. ತಾರಸಿಯೊಳಗೆ ಹೋಗಬೇಕಾದರೆ ಮೋಲ್ಡ್ ಹಾಕುವ ಮುಂಚೆಯೇ ಇಡಿಸಬೇಕು, ಆಮೇಲೆ ಆಗುವುದಿಲ್ಲ. ಅಲ್ಲಿ ಎಂಜಿನಿಯರ್‌ಗೆ ಒಂದು ಮಾತು ಕೇಳಿ, ಕಂಬಿಯ ನಡುವೆ ಇಷ್ಟು ದಪ್ಪದ ಪೈಪ್ ಎಲ್ಲಿ ಇಟ್ಟರೆ ತೊಂದರೆ ಇಲ್ಲ ಅಂತ. ಮೂಲೆಗಳಲ್ಲಿ ಚೂಪಾದ ಎಲ್ಬೋ ಬೇಡ. ಉದ್ದ ಬೆಂಡ್ ಹಾಕಿಸಿ, ಇಲ್ಲವೇ 45 ಡಿಗ್ರಿಯ ಎರಡು ಬೆಂಡ್ ಸೇರಿಸಿ. ಒಂದು ದಾರಿಯಲ್ಲಿ ಎರಡಕ್ಕಿಂತ ಹೆಚ್ಚು ತಿರುವು ಇದ್ದರೆ ನಡುವೆ ಒಂದು ಬಾಕ್ಸ್ ಇಡಿಸಿ. ಸುರುಳಿ ಗೆರೆಯ ಫ್ಲೆಕ್ಸಿಬಲ್ ಪೈಪ್ ಉದ್ದಕ್ಕೆ ಹಾಕಬೇಡಿ, ಒಳಗಿನ ಗೆರೆಗಳು ತಲೆಯನ್ನು ಹಿಡಿದುಕೊಳ್ಳುತ್ತವೆ. ಗಿಲಾವು ಮಾಡುವ ಮುಂಚೆ ಪೈಪ್ ಹೋದ ದಾರಿಯ ಫೋಟೋ ತೆಗೆದಿಡಿ. ಮುಂದೆ ಪರದೆಗೆ ಮೊಳೆ ಹೊಡೆಯುವಾಗ ಅದೇ ಕಾಪಾಡುತ್ತದೆ.

ಕಟ್ಟಿ ಮುಗಿದ ಮನೆ, ಇರುವುದು ಸಣ್ಣ ಪೈಪು ಅಂದರೆ ಎರಡು ದಾರಿ ಇದೆ. ತಲೆ ಕಳಚುವ ಕೇಬಲ್ ಸಿಗುತ್ತದೆ. ಪೈಪಿನೊಳಗೆ ಹೋಗುವ ತುದಿ ಸಾಮಾನ್ಯವಾಗಿ ಮೈಕ್ರೋ ಎಚ್‌ಡಿಎಂಐ, ಕಿರುಬೆರಳಿನ ಉಗುರಿನಷ್ಟು. ಹೊರಬಂದ ಮೇಲೆ ಮಾಮೂಲಿ ತಲೆಯನ್ನು ಅದಕ್ಕೆ ಜೋಡಿಸಬೇಕು. ಜೋಡಣೆಗೆ ಸ್ಕ್ರೂ ಅಥವಾ ಲಾಕ್ ಇರುವುದನ್ನೇ ಕೊಳ್ಳಿ. ಸುಮ್ನೆ ತೂರಿಸುವಂಥದ್ದು ಪ್ರೊಜೆಕ್ಟರ್ ಬಿಸಿಗೆ, ಭಾರಕ್ಕೆ ಕ್ರಮೇಣ ಸಡಿಲವಾಗುತ್ತದೆ. ಎರಡನೇ ದಾರಿ, ಗೋಡೆ ಹೊರಗೆ ಕೇಸಿಂಗ್ ಪಟ್ಟಿ ಹೊಡೆದು ಅದರೊಳಗೆ ಬಿಡುವುದು. ನೋಡಲು ಅಷ್ಟು ಚಂದ ಅಲ್ಲ ಅನ್ನುತ್ತಾರೆ. ಗೋಡೆಯ ಬಣ್ಣವನ್ನೇ ಬಳಿದರೆ ಕಣ್ಣಿಗೆ ಬೀಳುವುದಿಲ್ಲ.

ಫಾಲ್ಸ್ ಸೀಲಿಂಗ್ ಮೇಲೆ ಕೇಬಲ್ಲನ್ನು ಬರಿಮೈಯಲ್ಲಿ ಬಿಡಬೇಡಿ. ಇಲಿ ಕಡಿಯುತ್ತದೆ. ಅಲ್ಲೂ ಪೈಪ್ ಇರಲಿ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಇದನ್ನು ಸೇರಿಸುವುದೂ ಬೇಡ. ಬೆಳಕಿಗೆ ಕರೆಂಟಿನ ತೊಂದರೆ ತಟ್ಟುವುದಿಲ್ಲ ನಿಜ. ಆದರೆ ಒಳಗಿನ ತಾಮ್ರದ ಎಳೆಗೆ 230 ವೋಲ್ಟ್ ತಾಗಿದರೆ ಅದು ನಿಮ್ಮ ರಿಸೀವರ್‌ಗೆ, ನಿಮ್ಮ ಕೈಗೆ ಬರುತ್ತದೆ.

ಹಂತ 6: ಎಳೆಯುವ ಮುಂಚೆ ನೆಲದ ಮೇಲೆ ಪರೀಕ್ಷೆ

ಎಷ್ಟೇ ಅವಸರ ಇದ್ದರೂ ಇದನ್ನು ಬಿಡಬೇಡಿ. ಕೇಬಲ್ಲನ್ನು ರೂಮಿನ ನೆಲದ ಮೇಲೆ ಹಾಸಿ, ಎರಡೂ ಕಡೆ ಸಿಕ್ಕಿಸಿ, ಒಂದು ಸಂಜೆ ಪೂರ್ತಿ ಓಡಿಸಿ. ಸಿನಿಮಾ ಹಾಕಿ ನೋಡಿದರೆ ಸಾಲದು. ಭಾವನ ಮನೆಯಲ್ಲಿ ಮೋಸ ಮಾಡಿದ್ದೇ ಅದು. ಕಂಪ್ಯೂಟರ್ ಇದ್ದರೆ ಅದರ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 4ಕೆ 60, ಆರ್‌ಜಿಬಿ, 8 ಬಿಟ್ ಇಡಿ. ಅದು 17.82 ಜಿಬಿಪಿಎಸ್ ತೆಗೆದುಕೊಳ್ಳುತ್ತದೆ, 18ರ ಕೇಬಲ್‌ಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಡ. 48ರ ಕೇಬಲ್ ಆದರೆ 4ಕೆ 120, 10 ಬಿಟ್ ಇಡಿ. ಆಪಲ್ ಟಿವಿ 4ಕೆ ಇರುವವರಿಗೆ ಅದರ ಸೆಟ್ಟಿಂಗ್ಸ್‌ನಲ್ಲೇ ಎಚ್‌ಡಿಎಂಐ ಸಂಪರ್ಕ ಪರೀಕ್ಷಿಸುವ ಆಯ್ಕೆ ಇದೆ.

ಪರೀಕ್ಷೆಗೆ ಮುಂಚೆ ರಿಸೀವರ್‌ನ ಮೆನುವಿಗೆ ಹೋಗಿ ನೋಡಿ. ಎಷ್ಟೋ ರಿಸೀವರ್, ಟಿವಿಗಳಲ್ಲಿ "ಎನ್‌ಹಾನ್ಸ್ಡ್" ಅನ್ನುವ ಆಯ್ಕೆ ಆನ್ ಮಾಡದಿದ್ದರೆ ಪೂರ್ತಿ ವೇಗ ಸಿಗುವುದಿಲ್ಲ. ಕೇಬಲ್ ಒಳ್ಳೆಯದಿದ್ದೂ ಬೈಗುಳ ತಿನ್ನುವುದು ಇದರಿಂದಲೇ.

ಎಲ್ಲಾದರೂ ಒಂದು ಬಿಳಿ ಚುಕ್ಕೆ ಕಂಡರೂ, ಒಮ್ಮೆ ಪರದೆ ಕಪ್ಪಾದರೂ ವಾಪಸ್ ಕಳಿಸಿ. ನೆಲದ ಮೇಲೆ ಚುಕ್ಕೆ ತೋರಿಸಿದ ಕೇಬಲ್ ಗೋಡೆಯೊಳಗೆ ಸರಿಹೋಗುವುದಿಲ್ಲ.

ಹಂತ 7: ಎಳೆಯುವುದು

ಇಬ್ಬರು ಬೇಕು. ಒಬ್ಬರು ಎಳೆಯಲು, ಒಬ್ಬರು ಬಿಡಲು. ಸೋರ್ಸ್ ತುದಿಗೆ ಕೆಂಪು ಟೇಪ್ ಸುತ್ತಿ, ರಿಸೀವರ್ ಕಡೆಯ ಗೋಡೆಗೂ ಕೆಂಪು ಟೇಪ್ ಅಂಟಿಸಿ. ಭಾವನ ಮನೆಯಲ್ಲಿ ಇದನ್ನು ಮಾಡಿರಲಿಲ್ಲ. ಕೇಬಲ್ ಉಲ್ಟಾ ಹೋಯಿತು, ಮೂರು ಬೆಂಡ್ ದಾಟಿ ಹೊರಗೆ ಬಂದ ಮೇಲೆ ಗೊತ್ತಾಯಿತು. ಅರ್ಧ ದಿನ ಹೋಯಿತು.

ಮೊದಲು ವೈರ್ ಎಳೆಯುವ ಸ್ಪ್ರಿಂಗ್ ತೂರಿಸಿ ನೈಲಾನ್ ದಾರ ದಾಟಿಸಿ. ಆ ದಾರವನ್ನು ತಲೆಗೆ ಕಟ್ಟಬೇಡಿ. ತಲೆಯಿಂದ ಒಂದು ಗೇಣು ಹಿಂದೆ, ಕೇಬಲ್ ಮೈಗೆ ನಾಲ್ಕೈದು ಕಡೆ ಗಂಟು ಹಾಕಿ. ತಲೆಗೆ ಅದರ ಮುಚ್ಚಳ ಹಾಕಿ, ಅದರ ಮೇಲೆ ನುಣುಪಾಗಿ ಟೇಪ್ ಸುತ್ತಿ, ಮುಂಭಾಗ ಚೂಪಾಗಿರಲಿ. ಎಳೆತ ಪೂರ್ತಿ ಮೈ ಮೇಲೆ ಬೀಳಬೇಕು, ತಲೆ ಸುಮ್ನೆ ಜೊತೆಗೆ ಬರಬೇಕು. ಕೇಬಲ್‌ಗೆ ಒಂದಿಷ್ಟು ಟಾಲ್ಕಂ ಪೌಡರ್ ಸವರಿದರೆ ಜಾರುತ್ತದೆ. ಬಿಡುವವರು ಸುರುಳಿಯನ್ನು ಉರುಳಿಸುತ್ತಾ ಬಿಡಬೇಕು, ಹುರಿ ಬೀಳಬಾರದು. ಸಿಕ್ಕಿಕೊಂಡರೆ ಜಗ್ಗಬೇಡಿ. ಒಂದಡಿ ಹಿಂದಕ್ಕೆ ಎಳೆದು ಮತ್ತೆ ಪ್ರಯತ್ನಿಸಿ.

ಬಗ್ಗಿಸುವ ಮಿತಿ ಪೆಟ್ಟಿಗೆಯಲ್ಲಿ ಬರೆದಿರುತ್ತದೆ. ಬರೆದಿಲ್ಲ ಅಂದರೆ ಕಾಫಿ ಸಾಸರ್‌ನ ಸುತ್ತಿಗಿಂತ ಬಿಗಿಯಾಗಿ ಎಲ್ಲೂ ಬಗ್ಗಿಸಬೇಡಿ. ಕೇಬಲ್ ಟೈ ಬೇಡ, ವೆಲ್ಕ್ರೋ ಪಟ್ಟಿ ಹಾಕಿ. ಪ್ರೊಜೆಕ್ಟರ್ ಹತ್ತಿರ ಕೇಬಲ್ ತಲೆಯಿಂದ ಜೋತು ಬೀಳದ ಹಾಗೆ ಬ್ರಾಕೆಟ್‌ಗೆ ಒಂದು ಕಡೆ ಸಡಿಲವಾಗಿ ಕಟ್ಟಿ. ಕೇಬಲ್ ಜೊತೆಗೇ ಇನ್ನೊಂದು ನೈಲಾನ್ ದಾರವನ್ನೂ ಎಳೆದು, ಎರಡೂ ತುದಿಯನ್ನು ಬಾಕ್ಸಿನಲ್ಲಿ ಗಂಟು ಹಾಕಿ ಬಿಡಿ.

ಚಿತ್ರ ಬರದಿದ್ದರೆ

ಏನೂ ಬರುತ್ತಿಲ್ಲ ಅಂದರೆ ಮೊದಲು ದಿಕ್ಕು ನೋಡಿ. ದಿಕ್ಕು ಸರಿ ಇದ್ದರೆ ಎಲ್ಲ ಆಫ್ ಮಾಡಿ, ಎರಡೂ ತುದಿ ಬಿಚ್ಚಿ, ಮತ್ತೆ ಸಿಕ್ಕಿಸಿ, ಪ್ರೊಜೆಕ್ಟರ್ ಮೊದಲು, ರಿಸೀವರ್ ಆಮೇಲೆ ಆನ್ ಮಾಡಿ. ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಯುಎಸ್‌ಬಿ ವಿದ್ಯುತ್ ಕೊಟ್ಟು ನೋಡಿ. 4ಕೆ 24 ಸರಿ, 60ರಲ್ಲಿ ಚುಕ್ಕೆ ಅಂದರೆ ವೇಗದ ತೊಂದರೆ. ಎಲ್ಲೋ ಬಿಗಿಯಾಗಿ ಬಗ್ಗಿದೆಯಾ ನೋಡಿ, ತಲೆ ಪೂರ್ತಿ ಕೂತಿದೆಯಾ ನೋಡಿ. ಚಿತ್ರ ಇದೆ, ಟಿವಿಯ ಧ್ವನಿ ವಾಪಸ್ ಬರುತ್ತಿಲ್ಲ ಅಂದರೆ ಎರಡೂ ಕಡೆ ಇ-ಆರ್ಕ್ ಆನ್ ಇದೆಯಾ, ಸರಿಯಾದ ಸಾಕೆಟ್‌ಗೆ ಹಾಕಿದ್ದೀರಾ ಅಂತ ನೋಡಿ. ಕಳಚುವ ತಲೆಯ ಕೇಬಲ್‌ಗಳಲ್ಲಿ ಕೆಲವಕ್ಕೆ ಬೆಳಕಿನ ತುದಿಯೇ ಹೊರಗೆ ಬಂದಿರುತ್ತದೆ. ಗಿಲಾವಿನ ಧೂಳು ಒಂದು ಕಣ ಕೂತರೂ ಅದು ಕೆಲಸ ಮಾಡುವುದಿಲ್ಲ. ಅಂಥದ್ದರ ಮುಚ್ಚಳವನ್ನು ಕೊನೆ ಗಳಿಗೆಯವರೆಗೆ ತೆಗೆಯಬೇಡಿ, ತುದಿಯೊಳಗೆ ಕಣ್ಣಿಟ್ಟು ನೋಡಲೂ ಬೇಡಿ. ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.

ಭಾವನ ಮನೆಯ ಮೊದಲ ಫೈಬರ್ ಕೇಬಲ್ ಮೂರನೇ ವರ್ಷಕ್ಕೆ ನಿಂತಿತು. ಮಳೆಗಾಲ, ರಾತ್ರಿ ಕರೆಂಟ್ ಹೋಗಿ ಬಂದಿತ್ತು. ಬೆಳಿಗ್ಗೆ ಪ್ರೊಜೆಕ್ಟರ್ "ಸಿಗ್ನಲ್ ಇಲ್ಲ" ಅಂದಿತು. ಸಣ್ಣ ಕೇಬಲ್ ಹಾಕಿ ಪ್ಲೇಯರ್ ಅನ್ನು ಪ್ರೊಜೆಕ್ಟರ್ ಹತ್ತಿರ ಇಟ್ಟು ನೋಡಿದೆವು, ಚಿತ್ರ ಬಂತು. ಕೆಟ್ಟಿದ್ದು ಕೇಬಲ್ಲೇ ಅಂತ ಖಚಿತವಾಯಿತು. ಹೊಸದನ್ನು ತರಿಸಿದೆವು, ನೆಲದ ಮೇಲೆ ಹಾಸಿ ಒಂದು ಸಂಜೆ ಓಡಿಸಿದೆವು. ಮಾರನೇ ದಿನ ಬಾಕ್ಸ್ ತೆಗೆದು ನೈಲಾನ್ ದಾರದ ಗಂಟು ಬಿಚ್ಚಿದೆವು. ಅಕ್ಕ ಒಂದು ಕಡೆ ಬಿಡುತ್ತಾ ಹೋದಳು, ಭಾವ ಇನ್ನೊಂದು ಕಡೆ ಎಳೆದರು. ಕಾಫಿ ಆರುವಷ್ಟರಲ್ಲಿ ಕೆಂಪು ಟೇಪಿನ ತುದಿ ರಿಸೀವರ್ ಹಿಂದೆ ಹೊರಗೆ ಬಂತು.